ಡೀಸೆಲ್ ಪಿಕಪ್‌ನ ಕಪ್ಪು ಹೊಗೆ: ಟ್ಯೂನರ್ ಏನನ್ನು ನಿಲ್ಲಿಸುತ್ತದೆ, ಏನನ್ನು ಮರೆಸುತ್ತದೆ

ಟೆಕ್ಸಾಸ್, ಯೂಟಾ, ಕೊಲರಾಡೊದಂಥ ಅಮೆರಿಕದ ರಾಜ್ಯಗಳ ಹೆದ್ದಾರಿಗಳಲ್ಲಿ ಮುಂದೆ ಹೋಗುತ್ತಿರುವ ಪಿಕಪ್ ಟ್ರಕ್ ಇದ್ದಕ್ಕಿದ್ದಂತೆ ಕಪ್ಪು ಮೋಡ ಉಗುಳಿ ನುಗ್ಗುವುದನ್ನು ಅಲ್ಲಿ ನೆಲೆಸಿರುವ ಕನ್ನಡಿಗರು ಎಷ್ಟೋ ಸಲ ನೋಡಿರುತ್ತಾರೆ. ಲಾರಿ, ಬಸ್ಸುಗಳ ಹೊಗೆ ಕಂಡು ಬೆಳೆದ ಕಣ್ಣಿಗೆ ಅದು ಎಂಜಿನ್ನಿನ ಮುಪ್ಪಿನಂತೆ ತೋರುತ್ತದೆ. ಆದರೆ ಆ ಟ್ರಕ್ಕಿಗೆ ಇನ್ನೂ ಐದು ವರ್ಷವೂ ಆಗಿರದಿರಬಹುದು. ಮಾಲೀಕನೇ ಹಣ ಕೊಟ್ಟು ಆ ಹೊಗೆಯನ್ನು ಕೊಂಡುಕೊಂಡಿರುತ್ತಾನೆ. ಡ್ಯಾಶ್‌ಬೋರ್ಡಿನ ಕೆಳಗಿನ ಕಿಂಡಿಗೆ ಸಿಕ್ಕಿಸುವ, ಟ್ಯೂನರ್ ಎಂಬ ಅಂಗೈಯಗಲದ ಪೆಟ್ಟಿಗೆಯೊಂದು ಅದನ್ನು ಹುಟ್ಟಿಸುತ್ತದೆ. ಅದೇ ಪೆಟ್ಟಿಗೆಯಿಂದ ಅದನ್ನು ನಿಲ್ಲಿಸುವುದಕ್ಕೂ ಸಾಧ್ಯವಿದೆ. ಹೀಗೆ ನಿಲ್ಲಿಸಿದ ಮೇಲೆ ಗಾಳಿ ಎಷ್ಟರಮಟ್ಟಿಗೆ ಶುದ್ಧವಾಯಿತು ಎನ್ನುವಲ್ಲಿ ನಿಜವಾದ ತಕರಾರು ಶುರುವಾಗುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ವೇಗವರ್ಧಕ ತುಳಿದರೆ ಗಾಳಿಯ ಬಾಗಿಲು ತೆರೆಯುತ್ತದೆ, ಬಂದ ಗಾಳಿಯನ್ನು ಅಳೆದು ಇಂಧನ ಸೇರುತ್ತದೆ. ಡೀಸೆಲ್ ಎಂಜಿನ್ನಿನ ಕ್ರಮ ಬೇರೆ. ಅಲ್ಲಿ ಗಾಳಿ ಸಿಕ್ಕಷ್ಟು ಒಳಗೆ ಬರುತ್ತದೆ, ಕಾಲಿನ ಒತ್ತಡಕ್ಕೆ ಹೆಚ್ಚು ಕಡಿಮೆಯಾಗುವುದು ಇಂಧನ ಮಾತ್ರ. ಒಂದು ಕಿಲೋ ಡೀಸೆಲ್ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ತುಂತುರಾಗಿ ಬೀಳುವ ಡೀಸೆಲ್ ಗಾಳಿಯೊಡನೆ ಎಲ್ಲೆಡೆಯೂ ಸಮನಾಗಿ ಬೆರೆಯುವುದಿಲ್ಲ. ಹೀಗಾಗಿ ಒಂದಕ್ಕೆ ಹದಿನೆಂಟೋ ಇಪ್ಪತ್ತೋ ಪಾಲು ಗಾಳಿ ಇಲ್ಲದಿದ್ದರೆ ಮಸಿ ಕಾಣಿಸತೊಡಗುತ್ತದೆ. ಒಲೆಗೆ ಒಮ್ಮೆಲೇ ಸೌದೆ ತುರುಕಿದಾಗ ಆಗುವುದೂ ಇದೇ.

ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇದ್ದಾಗ ಈ ಅಸಮತೋಲ ಇನ್ನಷ್ಟು ಎದ್ದುಕಾಣುತ್ತದೆ. ಕಾಲು ತುಳಿದ ಕ್ಷಣವೇ ಇಂಜೆಕ್ಟರ್ ಇಂಧನ ಸುರಿಯಬಲ್ಲದು. ಟರ್ಬೊ ಹಾಗಲ್ಲ, ಅದು ಹೊರಹೋಗುವ ಅನಿಲದಿಂದಲೇ ತಿರುಗಬೇಕು, ವೇಗ ಹಿಡಿಯಲು ಹೊತ್ತು ಬೇಕು. ಇಂಧನ ಬಂದು ಗಾಳಿ ಬರುವುದರೊಳಗಿನ ಆ ಚಿಕ್ಕ ಅವಧಿಯಲ್ಲಿ ಕಪ್ಪು ಮೋಡ ಹುಟ್ಟುತ್ತದೆ. ಎಂಜಿನ್ ತಯಾರಕರಿಗೆ ಇದು ಎಂದೋ ಗೊತ್ತು. 1994ರಿಂದ 1998ರವರೆಗಿನ ಡಾಡ್ಜ್ ರಾಮ್ ಟ್ರಕ್ಕುಗಳ ಕಮಿನ್ಸ್ ಎಂಜಿನ್ನಿನಲ್ಲಿ ಬಾಷ್ ಕಂಪನಿಯ ಪಿ7100 ಪಂಪ್ ಇತ್ತು. ಅದರ ತಲೆಯ ಮೇಲೆ ಎಎಫ್‌ಸಿ ಎಂಬ ಪುಟ್ಟ ಗೂಡು, ಅದರೊಳಗೆ ಒಂದು ಪೊರೆ ಮತ್ತು ಸ್ಪ್ರಿಂಗ್. ಟರ್ಬೊ ಒತ್ತಡ ಏರಿದಂತೆ ಪೊರೆ ಸರಿದು ಹೆಚ್ಚು ಇಂಧನಕ್ಕೆ ದಾರಿ ಬಿಡುತ್ತಿತ್ತು. ಒಳಗಿನ ಹಲ್ಲುಚಕ್ರವನ್ನು ಸ್ವಲ್ಪ ತಿರುಗಿಸಿದರೆ ಹೊಗೆ ಹೆಚ್ಚುತ್ತಿತ್ತು ಅಥವಾ ಕಡಿಮೆಯಾಗುತ್ತಿತ್ತು. ಈಗ ಅದೇ ಕೆಲಸವನ್ನು ಎಂಜಿನ್ ಕಂಪ್ಯೂಟರಿನಲ್ಲಿರುವ ಅಂಕಿಗಳ ಕೋಷ್ಟಕ ಮಾಡುತ್ತದೆ. ಇಷ್ಟು ಗಾಳಿಗೆ, ಇಷ್ಟು ಆವರ್ತನೆಗೆ ಇದಕ್ಕಿಂತ ಹೆಚ್ಚು ಇಂಧನ ಹೋಗಕೂಡದು ಎಂಬ ಮಿತಿ ಅದರಲ್ಲಿರುತ್ತದೆ. ಈ ಕಸುಬಿನವರು ಅದನ್ನು ಸ್ಮೋಕ್ ಲಿಮಿಟರ್ ಎನ್ನುತ್ತಾರೆ.

ಟ್ಯೂನರ್ ಮೊದಲು ಕೈ ಹಾಕುವುದು ಆ ಮಿತಿಗೇ. ಹಳೆಯ ಬಗೆಯ ಪೆಟ್ಟಿಗೆಗಳು ಸಂವೇದಕ ಮತ್ತು ಕಂಪ್ಯೂಟರ್ ನಡುವೆ ಕುಳಿತು ಸುಳ್ಳು ಹೇಳುತ್ತಿದ್ದವು. ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲ್ ಎಂಬ ಕೊಳವೆಯಲ್ಲಿ ಒತ್ತಡ ಕಡಿಮೆಯಿದೆ ಎಂದು ನಂಬಿದ ಕಂಪ್ಯೂಟರ್ ಒತ್ತಡ ಏರಿಸುತ್ತಿತ್ತು, ಇಂಧನ ಹೆಚ್ಚು ಹೋಗುತ್ತಿತ್ತು. ಹೊಸ ಬಗೆಯವು ಸುಳ್ಳಿನ ಗೊಡವೆಗೆ ಹೋಗದೆ ಕಂಪ್ಯೂಟರಿನ ಕೋಷ್ಟಕಗಳನ್ನೇ ಅಳಿಸಿ ಬರೆಯುತ್ತವೆ. ಇಂಧನದ ಪ್ರಮಾಣ, ಇಂಜೆಕ್ಟರ್ ತೆರೆದಿರುವ ಅವಧಿ, ಚಿಮ್ಮುವ ಸಮಯ, ರೈಲ್ ಒತ್ತಡ, ಟರ್ಬೊ ರೆಕ್ಕೆಗಳ ಕೋನ, ಗೇರ್ ಬದಲಾಗುವ ಹೊತ್ತು ಎಲ್ಲವೂ ಬದಲಾಗುತ್ತವೆ. ಹೀಗೆ ತಿದ್ದಿ ಬರೆದ ಕೋಷ್ಟಕಗಳಿಗೇ ಟ್ಯೂನ್ ಎಂದು ಹೆಸರು. ಕೆಟ್ಟ ಟ್ಯೂನ್ ಎಂದರೆ ಸಾಮಾನ್ಯವಾಗಿ ಸ್ಮೋಕ್ ಲಿಮಿಟರನ್ನು ಮುಗಿಲೆತ್ತರಕ್ಕೆ ಏರಿಸಿ ಕೈತೊಳೆದುಕೊಂಡ ಟ್ಯೂನ್. ಅದನ್ನು ಬರೆಯಲು ಬುದ್ಧಿ ಬೇಕಿಲ್ಲ.

ಹೊಗೆ ಎಂದರೆ ಶಕ್ತಿ ಎಂಬ ನಂಬಿಕೆಯನ್ನು ಇಲ್ಲೇ ಪಕ್ಕಕ್ಕೆ ಇಡುವುದು ಒಳ್ಳೆಯದು. 1994ರ ರಾಮ್ ಟ್ರಕ್ಕಿನ ಕಮಿನ್ಸ್ ಎಂಜಿನ್ ಹೆಚ್ಚೆಂದರೆ 175 ಅಶ್ವಶಕ್ತಿ ಕೊಡುತ್ತಿತ್ತು, ಆಗೀಗ ಕಪ್ಪಾಗಿ ಕೆಮ್ಮುತ್ತಲೂ ಇತ್ತು. 2025ರ ರಾಮ್‌ನಲ್ಲಿರುವ 6.7 ಲೀಟರ್ ಕಮಿನ್ಸ್ ಕಾರ್ಖಾನೆಯಿಂದಲೇ 430 ಅಶ್ವಶಕ್ತಿ ಹೊತ್ತು ಬರುತ್ತದೆ. ಫೋರ್ಡ್‌ನ ಪವರ್ ಸ್ಟ್ರೋಕ್ ಎಂಜಿನ್ನಿನ ಹೆಚ್ಚು ಶಕ್ತಿಯ ಆವೃತ್ತಿ 500 ಮುಟ್ಟಿದೆ. ಇವುಗಳ ಹೊಗೆಕೊಳವೆಗೆ ಬಿಳಿ ಕರವಸ್ತ್ರ ಹಿಡಿದರೂ ಕಲೆ ಹತ್ತುವುದು ಕಷ್ಟ. ಮಸಿಯೆಂದರೆ ಉರಿಯದೆ ಹೋದ ಇಂಗಾಲ, ಹಣ ಕೊಟ್ಟು ತುಂಬಿಸಿ ಕೆಲಸಕ್ಕೆ ಬಾರದೆ ಹೊರಬಿದ್ದ ಡೀಸೆಲ್. ಎಳೆದಾಟದ ಸ್ಪರ್ಧೆಗಳಲ್ಲಿ ಅಂಕೆ ಮೀರಿ ಇಂಧನ ಸುರಿದು ಗೆಲ್ಲುವವರಿದ್ದಾರೆ, ನಿಜ. ಅವರ ಎಂಜಿನ್ನು ಕೆಲವು ಸೆಕೆಂಡು ಬಾಳಿದರೆ ಸಾಕು. ಹಿಂದೆ ಟ್ರೇಲರ್ ಕಟ್ಟಿಕೊಂಡು ಬೆಟ್ಟ ಹತ್ತುವವನಿಗೆ ಆ ಲೆಕ್ಕ ಹೊಂದುವುದಿಲ್ಲ. ಹೆಚ್ಚುವರಿ ಇಂಧನದ ಶಾಖ ನೇರವಾಗಿ ಟರ್ಬೊ ಮತ್ತು ಪಿಸ್ಟನ್ ಮೇಲೆ ಎರಗುತ್ತದೆ. ಟರ್ಬೊಗೆ ಮುನ್ನ ಅಳೆಯುವ ಅನಿಲದ ಉಷ್ಣತೆ ಹೆಚ್ಚು ಹೊತ್ತು ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರದಂತೆ ಅನುಭವಸ್ಥ ಚಾಲಕರು ಕಣ್ಣಿಡುವುದು ಈ ಕಾರಣಕ್ಕೆ.

ಹಾಗಾದರೆ ಹೊಗೆಯನ್ನು ಹತೋಟಿಗೆ ತರುವುದು ಹೇಗೆ? ಟ್ಯೂನರ್ ಮುಟ್ಟುವ ಮೊದಲು ಎಂಜಿನ್ ನೋಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಅದು ತಣ್ಣನೆಯ ಸಿಲಿಂಡರಿನಲ್ಲಿ ಹೊತ್ತಿಕೊಳ್ಳದೆ ಹೋದ ಇಂಧನ ಅಥವಾ ಒಳಗೆ ಸೋರುತ್ತಿರುವ ಕೂಲಂಟ್. ನೀಲಿ ಛಾಯೆಯಿದ್ದರೆ ಎಣ್ಣೆ ಉರಿಯುತ್ತಿದೆ. ಇವೆರಡಕ್ಕೂ ಟ್ಯೂನರ್ ಮದ್ದಲ್ಲ. ಕಪ್ಪು ಹೊಗೆಯಲ್ಲೂ ಅರ್ಧ ದೂರು ಗಾಳಿಯ ದಾರಿಯದ್ದೇ ಆಗಿರಬಹುದು. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ತೋಳು ಬಿರುಕು ಬಿಟ್ಟಿರುತ್ತದೆ, ಏರ್ ಫಿಲ್ಟರ್ ಧೂಳು ತುಂಬಿ ಉಸಿರು ಕಟ್ಟಿರುತ್ತದೆ, ಒತ್ತಡದ ಸಂವೇದಕಕ್ಕೆ ಮಸಿ ಮೆತ್ತಿರುತ್ತದೆ, ಸವೆದ ಇಂಜೆಕ್ಟರ್ ಮುಚ್ಚಿದ ಮೇಲೂ ಹನಿಯುತ್ತಿರುತ್ತದೆ. ಹನಿಯುವ ಇಂಜೆಕ್ಟರಿರುವ ಎಂಜಿನ್ನಿಗೆ ಒಳ್ಳೆಯ ಟ್ಯೂನ್ ಹಾಕಿಸಿ ಹೊಗೆ ತಗ್ಗಿತೆಂದು ಖುಷಿಪಡುವವರ ಪಿಸ್ಟನ್ ಒಂದು ದಿನ ಕರಗಿ ತೂತಾಗುತ್ತದೆ.

ಎಂಜಿನ್ ಸರಿಯಿದ್ದರೆ ನಿಜವಾದ ಕೆಲಸ ಆರಂಭ. ಮೊದಲನೆಯದು ಟರ್ಬೊ ಒತ್ತಡ ಏಳುವ ಮುನ್ನ ಕೊಡುವ ಇಂಧನವನ್ನು ಕತ್ತರಿಸುವುದು. ಅನೇಕ ಟ್ಯೂನರುಗಳಲ್ಲಿ ಇದಕ್ಕೆಂದೇ ಮಟ್ಟಗಳಿರುತ್ತವೆ. ಒಂದೆರಡು ಮಟ್ಟ ಇಳಿಸಿದರೆ ಸಿಗ್ನಲ್ ಬಿಟ್ಟಾಗ ಏಳುತ್ತಿದ್ದ ಮೋಡ ತೆಳುವಾಗುತ್ತದೆ, ಚುರುಕು ಸ್ವಲ್ಪ ಕುಂದುತ್ತದೆ. ಆ ಕುಂದನ್ನು ಒಪ್ಪದವರು ಹೊಗೆಯ ಬಗ್ಗೆ ದೂರುವಂತಿಲ್ಲ. ಕೋಷ್ಟಕಗಳನ್ನೇ ಬರೆಯಬಲ್ಲವರು ಇನ್ನೂ ನಯವಾಗಿ ಮಾಡುತ್ತಾರೆ. ರೆಕ್ಕೆ ಕೋನ ಬದಲಾಗುವ ಟರ್ಬೊ ಇದ್ದರೆ ಕಡಿಮೆ ಆವರ್ತನೆಯಲ್ಲಿ ರೆಕ್ಕೆಗಳನ್ನು ಬಿಗಿಮಾಡಿ ಒತ್ತಡ ಬೇಗ ಏಳುವಂತೆ ಮಾಡುತ್ತಾರೆ. ಅಷ್ಟೇ ಇಂಧನವನ್ನು ಹೆಚ್ಚು ರೈಲ್ ಒತ್ತಡದಲ್ಲಿ, ಕಡಿಮೆ ಅವಧಿಯಲ್ಲಿ ಚಿಮ್ಮಿಸುತ್ತಾರೆ. ಹನಿ ಸಣ್ಣದಾದಷ್ಟೂ ಗಾಳಿಯೊಡನೆ ಬೆರೆಯುವುದು ಸುಲಭ. 2001ರಲ್ಲಿ ಬಂದ, ಜನರಲ್ ಮೋಟರ್ಸ್ ಪಿಕಪ್‌ಗಳ ಡ್ಯೂರಾಮ್ಯಾಕ್ಸ್ ಸರಣಿಯ ಮೊದಲ ಎಂಜಿನ್ನಿನಲ್ಲೇ ರೈಲ್ ಒತ್ತಡ ಸುಮಾರು 1,600 ಬಾರ್ ಇತ್ತು, ಈಗಿನವು 2,000 ಬಾರ್ ದಾಟಿವೆ. ಆದರೆ ದಣಿದ ಪಂಪಿಗೆ ಇನ್ನಷ್ಟು ಒತ್ತಡ ಕೇಳಿದರೆ ಅದು ಕೈಚೆಲ್ಲುತ್ತದೆ. ಗೇರ್ ಬದಲಾಗುವ ಕ್ಷಣದಲ್ಲಿ ಇಂಧನ ತಗ್ಗಿಸುವುದು, ಕಾಲು ತುಳಿದಾಗ ಇಂಧನ ಒಮ್ಮೆಲೇ ಏರದೆ ಇಳಿಜಾರಿನಂತೆ ಏರುವ ಹಾಗೆ ನೋಡಿಕೊಳ್ಳುವುದು ಇವೂ ಇವೆ.

ಎತ್ತರದ ಮಾತು ಬೇರೆಯೇ ಇದೆ. ಹ್ಯೂಸ್ಟನ್ನಿನ ಸಮುದ್ರಮಟ್ಟದಲ್ಲಿ ಬರೆದ ಟ್ಯೂನನ್ನು 1,600 ಮೀಟರ್ ಎತ್ತರದ ಡೆನ್ವರಿಗೆ ಒಯ್ದರೆ ಗಾಳಿಯ ಸಾಂದ್ರತೆ ಸುಮಾರು ಆರನೇ ಒಂದು ಭಾಗ ಕಡಿಮೆ. ಕಾರ್ಖಾನೆಯ ಕೋಷ್ಟಕದಲ್ಲಿ ವಾಯುಭಾರಕ್ಕೆ ತಕ್ಕ ತಿದ್ದುಪಡಿ ಇರುತ್ತದೆ. ಅವಸರದ ಟ್ಯೂನಿನಲ್ಲಿ ಅದು ಮೊದಲು ಮಾಯವಾಗುವ ಅಂಶ. ಅದೇ ಟ್ರಕ್, ಅದೇ ಚಾಲಕ, ಊರು ಬದಲಾದೊಡನೆ ಹೊಗೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೆ ಹೊಗೆಕೊಳವೆಯ ತುದಿ ಸ್ವಚ್ಛವಾಗುತ್ತದೆ, ಮಾಲೀಕನೂ ತೃಪ್ತ. ಮಾರುವವರು ಅದನ್ನು ಹೊಗೆರಹಿತ ಟ್ಯೂನ್ ಎಂದು ಕರೆದು, ಮಾಲಿನ್ಯವೇ ಇಲ್ಲದ ಟ್ಯೂನ್ ಎಂಬ ಭಾವನೆ ಮೂಡಿಸುತ್ತಾರೆ. ನನ್ನ ಆಕ್ಷೇಪ ಇರುವುದು ಈ ಜಾಣ್ಮೆಗೆ. ಮಸಿಯನ್ನು ತಗ್ಗಿಸಲು ಟ್ಯೂನರುಗಳು ಹೆಚ್ಚು ನೆಚ್ಚುವ ಉಪಾಯಗಳಲ್ಲೊಂದು ಇಂಧನ ಚಿಮ್ಮುವ ಸಮಯವನ್ನು ಮುಂಚಿತಗೊಳಿಸುವುದು. ಆಗ ಉರಿಗೆ ಹೆಚ್ಚು ಹೊತ್ತು ಸಿಗುತ್ತದೆ, ಸಿಲಿಂಡರಿನ ಒತ್ತಡವೂ ಶಾಖವೂ ಏರುತ್ತವೆ, ಮಸಿ ಒಳಗೇ ಸುಟ್ಟುಹೋಗುತ್ತದೆ. ಅದೇ ಶಾಖದಲ್ಲಿ ಗಾಳಿಯ ನೈಟ್ರೋಜನ್ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಉರಿಯ ಉಷ್ಣತೆ ಸುಮಾರು 1,500 ಡಿಗ್ರಿ ದಾಟಿದ ಮೇಲೆ ಇವುಗಳ ಹುಟ್ಟು ಬಿರುಸಾಗುತ್ತದೆ. ಡೀಸೆಲ್ ಎಂಜಿನಿಯರುಗಳಿಗೆ ಇದು ಹಳೆಯ ತಲೆನೋವು: ಸಿಲಿಂಡರಿನೊಳಗೆ ಮಸಿ ಇಳಿಸಿದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ, ಅದನ್ನು ಇಳಿಸಿದರೆ ಮಸಿ ಏರುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಬೇಕೆಂದರೆ ಎಂಜಿನ್ನಿನ ಹೊರಗೆ ಉಪಕರಣ ಬೇಕು. 2007ರ ಮಾನದಂಡದೊಡನೆ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಬಂದದ್ದು, 2010ರ ಹೊತ್ತಿಗೆ ಡಿಇಎಫ್ ಎಂಬ ಯೂರಿಯಾ ದ್ರಾವಣ ಚಿಮುಕಿಸಿ ನೈಟ್ರೋಜನ್ ಆಕ್ಸೈಡ್ ಇಳಿಸುವ ಎಸ್‌ಸಿಆರ್ ಬಂದದ್ದು ಈ ಇಕ್ಕಟ್ಟಿನಿಂದ ಪಾರಾಗಲು. ಜಾಲರಿಗೆ ಗಂಧಕ ಶತ್ರುವಾದ್ದರಿಂದ 2006ರಿಂದ ಅಮೆರಿಕದ ಹೆದ್ದಾರಿ ಡೀಸೆಲಿನ ಗಂಧಕದ ಮಿತಿಯನ್ನು ಹತ್ತು ಲಕ್ಷಕ್ಕೆ 500 ಭಾಗದಿಂದ 15 ಭಾಗಕ್ಕೆ ಇಳಿಸಲಾಯಿತು.

ಡಿಪಿಎಫ್ ಇರುವ ಟ್ರಕ್ಕಿಗೆ ಒರಟು ಟ್ಯೂನ್ ಹಾಕಿದರೆ ಹೊಗೆ ಕಾಣುವುದಿಲ್ಲ, ಮಸಿಯೆಲ್ಲ ಜಾಲರಿಯಲ್ಲಿ ಕೂಡುತ್ತದೆ. ಅದನ್ನು ಸುಟ್ಟುಹಾಕಲು ಎಂಜಿನ್ ಪದೇಪದೇ ಹೆಚ್ಚುವರಿ ಇಂಧನ ಚೆಲ್ಲಿ ಜಾಲರಿಯನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕಾಗುತ್ತದೆ. ಆ ಇಂಧನದ ಪಾಲೊಂದು ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ಎಣ್ಣೆಯನ್ನು ತೆಳ್ಳಗಾಗಿಸುವುದೂ ಉಂಟು. ಮೈಲೇಜ್ ಬೀಳುತ್ತದೆ, ಎಚ್ಚರಿಕೆಯ ದೀಪ ಉರಿಯುತ್ತದೆ. ಆಗ ಗ್ಯಾರೇಜಿನಲ್ಲಿ ಸಿಗುವ ಸಲಹೆ ಒಂದೇ, ಡಿಲೀಟ್ ಮಾಡಿಬಿಡಿ. ಜಾಲರಿಯನ್ನು ಕಳಚಿ ಅಲ್ಲಿ ಬರಿಯ ಕೊಳವೆ ಜೋಡಿಸುವುದು, ಹೊರಹೋಗುವ ಅನಿಲದ ಪಾಲೊಂದನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಮತ್ತು ಎಸ್‌ಸಿಆರ್ ಎರಡಕ್ಕೂ ಬೀಗ ಜಡಿಯುವುದು, ಇವೆಲ್ಲ ಇನ್ನೂ ಇವೆ ಎಂದು ಕಂಪ್ಯೂಟರನ್ನು ಟ್ಯೂನರಿನಿಂದ ನಂಬಿಸುವುದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2020ರ ನವೆಂಬರಿನಲ್ಲಿ ಈ ದಂಧೆಯ ಅಂದಾಜೊಂದನ್ನು ಹೊರತಂದಿತು. ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಮಾಲಿನ್ಯ ನಿಯಂತ್ರಣ ಕಳಚಲಾಗಿದೆ. ಅವು ತಮ್ಮ ಆಯುಷ್ಯದಲ್ಲಿ ಹೆಚ್ಚುವರಿಯಾಗಿ 5,000 ಟನ್ ಕಣಗಳನ್ನೂ 5,70,000 ಟನ್ ನೈಟ್ರೋಜನ್ ಆಕ್ಸೈಡುಗಳನ್ನೂ ಬಿಡುತ್ತವೆ ಎಂದು ಆ ಲೆಕ್ಕ ಹೇಳಿತು. ನಿಯಮ ಪಾಲಿಸುವ 90 ಲಕ್ಷ ಹೊಸ ಪಿಕಪ್‌ಗಳನ್ನು ರಸ್ತೆಗಿಳಿಸಿದ್ದಕ್ಕೆ ಇದು ಸಮ. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ಬೀಳುವ ಜಾತಿಯ ಮಾಲಿನ್ಯಕ್ಕಿಂತ ಬೀಳದ್ದು ತೂಕದಲ್ಲಿ ನೂರು ಪಟ್ಟಿಗೂ ಮಿಗಿಲು. ತೂಕಕ್ಕೆ ತೂಕ ವಿಷ ಒಂದೇ ಅಲ್ಲ, ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ ಎನ್ನುವುದನ್ನು ಮರೆಯಬೇಕಿಲ್ಲ. ಆದರೂ ಜಾಲರಿ ಕಳಚಿ, ಸಮಯ ಮುಂಚಿತಗೊಳಿಸಿ, ಹೊಗೆಯಿಲ್ಲದೆ ಓಡುವ ಟ್ರಕ್ ತಾನು ಸಜ್ಜನನೆಂದು ಹೇಳಿಕೊಳ್ಳುವುದಕ್ಕೆ ಆಧಾರವಿಲ್ಲ.

ಕಾಣದ ಅನಿಲದ ಕತೆಯಲ್ಲಿ ಬೆಂಗಳೂರಿನವರೊಬ್ಬರ ಪಾತ್ರವಿದೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಹೇಮಂತ್ ಕಪ್ಪಣ್ಣ, ಅರವಿಂದ್ ತಿರುವೆಂಗಡಂ ಮತ್ತು ಮಾರ್ಕ್ ಬೆಷ್ 2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಡೀಸೆಲ್ ಕಾರುಗಳ ಡಿಕ್ಕಿಯೊಳಗೆ ಅಳತೆಯ ಉಪಕರಣ ಇಟ್ಟುಕೊಂಡು ಓಡಾಡಿದರು. ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. ಹೊಗೆ ಮಾತ್ರ ಚೂರೂ ಇರಲಿಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ಮಾಲಿನ್ಯ ತಗ್ಗಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಅಡಗಿಸಿಟ್ಟಿದ್ದ ಹಗರಣ 2015ರ ಸೆಪ್ಟೆಂಬರಿನಲ್ಲಿ ಸ್ಫೋಟಿಸಲು ಆ ಅಳತೆಯೇ ಮೂಲ. ಪಿಕಪ್ ಎಂಜಿನ್ ತಯಾರಕರೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. 2013ರಿಂದ 2019ರವರೆಗಿನ ಸುಮಾರು 6,30,000 ರಾಮ್ ಪಿಕಪ್‌ಗಳಲ್ಲಿ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಇತ್ತೆಂಬ ಆರೋಪ ಇತ್ಯರ್ಥಪಡಿಸಲು ಕಮಿನ್ಸ್ 167.5 ಕೋಟಿ ಡಾಲರ್ ದಂಡಕ್ಕೆ 2023ರ ಡಿಸೆಂಬರಿನಲ್ಲಿ ಒಪ್ಪಿತು. ಅಮೆರಿಕದ ಶುದ್ಧ ಗಾಳಿ ಕಾಯ್ದೆಯಡಿ ಅದಕ್ಕಿಂತ ದೊಡ್ಡ ಸಿವಿಲ್ ದಂಡ ಹಿಂದೆಂದೂ ಇರಲಿಲ್ಲ. ಗ್ಯಾರೇಜಿನ ಹುಡುಗ ಮಾಡುವುದನ್ನು ಕಾರ್ಖಾನೆಯೇ ಹೆಚ್ಚು ಅಚ್ಚುಕಟ್ಟಾಗಿ ಮಾಡಿತ್ತು ಎಂದು ಟ್ಯೂನರ್ ಪಕ್ಷದವರು ವ್ಯಂಗ್ಯವಾಡಿದರೆ ಅವರನ್ನು ದೂರುವುದು ಕಷ್ಟ.

ಕಾಯ್ದೆಯ ಮಾತು ಸರಳ. ಮಾಲಿನ್ಯ ನಿಯಂತ್ರಣವನ್ನು ನಿಷ್ಕ್ರಿಯಗೊಳಿಸುವುದೂ ಕಾನೂನುಬಾಹಿರ, ಅದಕ್ಕಾಗಿ ಸಾಧನ ಮಾರುವುದೂ ಕಾನೂನುಬಾಹಿರ. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಪರೀಕ್ಷಿಸಿ ಆದೇಶ ಸಂಖ್ಯೆ ಕೊಟ್ಟ ಟ್ಯೂನರುಗಳು ಕಾನೂನುಬದ್ಧ, ಅವು ಜಾಲರಿಯನ್ನು ಉಳಿಸಿಕೊಂಡೇ ಕೆಲಸ ಮಾಡುತ್ತವೆ. ಉಳಿದವುಗಳ ಮೇಲೆ ದಂಡ ಬಿದ್ದಿದೆ. ಯೂಟಾದ ಎಡ್ಜ್ ಪ್ರಾಡಕ್ಟ್ಸ್ 2013ರಲ್ಲಿ ಐದು ಲಕ್ಷ ಡಾಲರ್ ತೆತ್ತಿತು. ಜೊತೆಗೆ ಜನರ ಹಳೆಯ ಸೌದೆ ಒಲೆಗಳನ್ನು ಬದಲಿಸಲು ಹಣ ಕೊಡಬೇಕೆಂಬ ಷರತ್ತನ್ನೂ ಒಪ್ಪಿತು. ಟ್ರಕ್ಕಿನ ಮಸಿಗೆ ಒಲೆಯ ಮಸಿಯಿಂದ ಪ್ರಾಯಶ್ಚಿತ್ತ! ಅದೇ ರಾಜ್ಯದಲ್ಲಿ ವೈದ್ಯರ ಸಂಘಟನೆಯೊಂದು 'ಡೀಸೆಲ್ ಬ್ರದರ್ಸ್' ಟಿವಿ ಕಾರ್ಯಕ್ರಮದ ತಾರೆಯರ ಮೇಲೆ ಹೂಡಿದ ದಾವೆಯಲ್ಲಿ 2020ರಲ್ಲಿ ಸುಮಾರು ಎಂಟೂವರೆ ಲಕ್ಷ ಡಾಲರ್ ದಂಡ ವಿಧಿಸಲಾಯಿತು. ಮೇಲ್ಮನವಿಯಲ್ಲಿ ತೀರ್ಪಿನ ಹೆಚ್ಚಿನ ಭಾಗ ಉಳಿದು, ದಂಡದ ಮರುಲೆಕ್ಕಕ್ಕೆ ಆದೇಶವಾಯಿತು. ಇತ್ತೀಚಿನ ತಕರಾರು ಈಜೀ ಲಿಂಕ್ ಎಂಬ ಸಾಧನದ್ದು. ಅದರ ಕಂಪನಿ ಮಾರುವುದು ಪೆಟ್ಟಿಗೆಯನ್ನು, ಡಿಲೀಟ್ ಟ್ಯೂನ್ ಬರೆದು ಕ್ಲೌಡ್ ಮೂಲಕ ಕಳಿಸುವವರು ಬೇರೆಯವರು. ಸರ್ಕಾರ 2021ರಲ್ಲಿ ದಾವೆ ಹೂಡಿತು, 2024ರಲ್ಲಿ ಜಿಲ್ಲಾ ನ್ಯಾಯಾಲಯ ವಜಾ ಮಾಡಿತು, 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮತ್ತೆ ಜೀವ ಕೊಟ್ಟಿತು.

ಬೇಕೆಂದೇ ಹೊಗೆ ಉಗುಳುವ ರೋಲಿಂಗ್ ಕೋಲ್ ಚಟವನ್ನು ನ್ಯೂಜೆರ್ಸಿ 2015ರಲ್ಲಿ, ಕೊಲರಾಡೊ 2017ರಲ್ಲಿ ನಿಷೇಧಿಸಿದವು. ಆ ಚಟದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಸಿಡುಕು ಅರ್ಥವಾಗುವುದು ರೈತರದ್ದು, ಸಾಗಣೆದಾರರದ್ದು. ಡಿಇಎಫ್ ವ್ಯವಸ್ಥೆಯ ಒಂದು ಸಂವೇದಕ ಕೆಟ್ಟರೂ ಕಂಪ್ಯೂಟರ್ ಎಂಜಿನ್ನಿನ ಶಕ್ತಿ ಕುಗ್ಗಿಸಿ ವಾಹನವನ್ನು ಆಮೆನಡಿಗೆಗೆ ಇಳಿಸುತ್ತದೆ. ಕೊಯ್ಲಿನ ನಡುವೆ, ಹತ್ತಿರದ ಡೀಲರ್ ಗಂಟೆಗಟ್ಟಲೆ ದೂರದಲ್ಲಿದ್ದಾಗ, ಡಿಲೀಟ್ ಮಾಡಿಸಿದವನನ್ನು ಖಳನೆಂದು ಕರೆಯಲು ನನಗೆ ಮನಸ್ಸಿಲ್ಲ. 2025ರ ಆಗಸ್ಟಿನಲ್ಲಿ ಇಪಿಎ ಮುಖ್ಯಸ್ಥ ಲೀ ಜೆಲ್ಡಿನ್ ಅಯೋವಾದ ಜಾತ್ರೆಯಲ್ಲಿ ನಿಂತು, ಹೀಗೆ ಏಕಾಏಕಿ ಶಕ್ತಿ ಕುಸಿಯದಂತೆ ತಂತ್ರಾಂಶ ಬದಲಿಸಲು ತಯಾರಕರಿಗೆ ಮಾರ್ಗಸೂಚಿ ಪ್ರಕಟಿಸಿದರು. 2027ರ ಮಾದರಿಯಿಂದ ಹೊಸ ಡೀಸೆಲ್ ಟ್ರಕ್ಕುಗಳು ಇದನ್ನು ಪಾಲಿಸಬೇಕು. ಹತ್ತು ವರ್ಷ ಮೊದಲೇ ಈ ವಿವೇಕ ಮೂಡಿದ್ದರೆ ಡಿಲೀಟ್ ವ್ಯಾಪಾರಕ್ಕೆ ಅರ್ಧದಷ್ಟು ಗಿರಾಕಿಗಳು ತಪ್ಪುತ್ತಿದ್ದರು ಎಂಬುದು ನನ್ನ ಅನಿಸಿಕೆ.

ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಜಾರಿಯಾದ ಮೇಲೆ ಡೀಸೆಲ್ ವಾಹನಗಳಿಗೆ ಡಿಪಿಎಫ್ ಬಂದಿದೆ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಪಿಕಪ್‌ಗಳಿಗೆ ರೀಮ್ಯಾಪ್, ಅಂದರೆ ಕಂಪ್ಯೂಟರಿನ ಕೋಷ್ಟಕಗಳ ತಿದ್ದುಪಡಿ, ಮಾಡಿಕೊಡುವವರೂ ಬಂದಿದ್ದಾರೆ. ಕೆಲಸದ ರೀತಿ ಅದೇ, ಪ್ರಲೋಭನೆಯೂ ಅದೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ತಂತ್ರಾಂಶ ಬದಲಾದದ್ದು ಪತ್ತೆಯಾಗುವುದು ಹೇಗೆ? ಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ವಾಹನಕ್ಕೆ ನಡೆಯುವುದು ಹೊಗೆಯ ದಟ್ಟಣೆಯ ಪರೀಕ್ಷೆ ಮಾತ್ರ. ನಿಂತಲ್ಲೇ ವೇಗವರ್ಧಕವನ್ನು ಪೂರ್ತಿ ತುಳಿದು, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ನೋಡುತ್ತಾರೆ. ಬೆಳಕಿನ ಈ ತಡೆಯ ಮಿತಿ ಬಿಎಸ್-4 ವಾಹನಗಳಿಗೆ ಪ್ರತಿ ಮೀಟರಿಗೆ 1.62, ಅದಕ್ಕೂ ಹಳೆಯವಕ್ಕೆ 2.45. ಜಾಲರಿ ಕಳಚಿದರೂ ಸಮಯ ಮುಂಚಿತಗೊಳಿಸಿ ನಾಜೂಕಾಗಿ ಬರೆದ ಟ್ಯೂನ್ ಇಂಥ ಬೆಳಕಿನ ಪರೀಕ್ಷೆಯನ್ನು ದಾಟಿಬಿಡಬಹುದು. ನೈಟ್ರೋಜನ್ ಆಕ್ಸೈಡ್ ಎಷ್ಟು ಎಂಬ ಅಂಕಣ ಡೀಸೆಲ್ ವಾಹನದ ಆ ಪ್ರಮಾಣಪತ್ರದಲ್ಲಿ ಇಲ್ಲ.